ಪೊಟ್ಯಾಶ್ ಇಲ್ಲದ ಪಟ್ಟಿ

ಗುಡುಸಾಬರ ಹೊಲದಲ್ಲಿ ಪೊಟ್ಯಾಶ್ ಹಾಕದ ಪಟ್ಟಿ ಆ ವರ್ಷ ಸೊರಗಬೇಕಾಗಿತ್ತು. ಸೊರಗಲಿಲ್ಲ. ನನ್ನ ಆತಂಕ ಶುರುವಾದದ್ದು ಅಲ್ಲಿಂದ.

ಗದಗ ಬೇರೆ ಜಿಲ್ಲೆಯಾಗಿ ನಾಲ್ಕು ವರ್ಷವಾಗಿತ್ತು. ಬೆಳ್ಳಟ್ಟಿಯ ಆ ಹೊಲದಲ್ಲಿ ಗೋವಿನಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿಸಿ, ಐದೈದು ಗುಂಟೆಯ ಎರಡು ಪಟ್ಟಿ ಮಾಡಿದ್ದೆವು. ಬೀಜ, ಗೊಬ್ಬರ ಎಲ್ಲ ಒಂದೇ; ಒಂದು ಪಟ್ಟಿಗೆ ಮಾತ್ರ ಅದರ ಜೊತೆಗೆ ಕೆಂಪು ಪೊಟ್ಯಾಶ್ ಗೊಬ್ಬರ. ಮಳೆ ಕೈಕೊಟ್ಟ ವರ್ಷವೂ ಅದು ಇಳುವರಿ ಕುಸಿಯದಂತೆ ತಡೆಯುತ್ತದೆಯೇ ಎಂದು ನೋಡುವುದು ಕೃಷಿ ಇಲಾಖೆಯವಳಾದ ನನ್ನ ಕೆಲಸ. ಮೊದಲ ಎರಡು ವರ್ಷ ಪೊಟ್ಯಾಶ್ ಇಲ್ಲದ ಪಟ್ಟಿಯಲ್ಲಿ ಕೆಳಗಿನ ಎಲೆಗಳ ಅಂಚು ಸುಟ್ಟಂತಾಗಿತ್ತು. ಆದರೆ ಮಳೆ ಚೆನ್ನಾಗಿದ್ದರಿಂದ ತೂಕದಲ್ಲಿ ಅಂಥ ವ್ಯತ್ಯಾಸ ಬರಲಿಲ್ಲ. ಮೂರನೇ ವರ್ಷ ಇಪ್ಪತ್ತಾರು ದಿನ ಹನಿ ಬೀಳಲಿಲ್ಲ. ಅಂಥ ವರ್ಷಕ್ಕಾಗಿ ನಾನು ಒಳಗೊಳಗೇ ಕಾದಿದ್ದೆ ಎಂದು ಗುಡುಸಾಬರಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಆದರೆ ಎರಡೂ ಪಟ್ಟಿ ಹಸಿರಾಗಿಯೇ ನಿಂತವು. ಗೋವಿನಜೋಳ ತೂಗಿದಾಗ ನಾಲ್ಕು ಕಿಲೋ ಅಂತರವೂ ಇರಲಿಲ್ಲ. ಮೇಲಿನ ಸಾಹೇಬರು, ಪೊಟ್ಯಾಶಿನಿಂದ ಏನೂ ಉಪಯೋಗವಿಲ್ಲ ಎಂದು ವರದಿ ಬರೆದು ಮುಗಿಸು ಅಂದರು. ಹಾಗೆ ಬರೆದರೆ ತಾಲೂಕಿನ ರೈತರಿಗೆಲ್ಲ ಅದನ್ನೇ ಹೇಳುತ್ತಾರೆ.

ಗೊಬ್ಬರದ ಚೀಲ ಅದಲುಬದಲಾಯಿತೇ? ಪಟ್ಟಿಯ ಗುರುತಿನ ಗೂಟ ನಾನೇ ತಪ್ಪು ನೆಟ್ಟೆನೇ? ಮತ್ತೆ ಬಸ್ಸು ಹತ್ತಿ ಬೆಳ್ಳಟ್ಟಿಗೆ ಹೋದೆ. ಗೂಟಗಳು ಸರಿಯಾಗಿದ್ದವು. ಪೊಟ್ಯಾಶ್ ಇಲ್ಲದ ಪಟ್ಟಿಯಲ್ಲಿ ತೊಗರಿಯ ಬುಡದ ಮಣ್ಣು ಕೆದಕಿದರೆ ಬೆರಳಿಗೆ ಇದ್ದಿಲ ಚೂರು ಸಿಕ್ಕಿತು. ಇನ್ನೊಂದು ಕಡೆ ಕೆದಕಿದೆ. ಅಲ್ಲೂ ಇತ್ತು.

ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಗುಡುಸಾಬರ ಹೆಂಡತಿ ಸುಗ್ರಾಬಿಯ ಮುಂದೆ ನಿಂತೆ. ಆಕೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಒಲಿ ಬೂದಿರೀ ಬಾಯಾರ. ನಾನ ಹಾಕೀನಿ."

ಯಾಕೆ ಎಂದು ಕೇಳಿದೆ. ಆ ಪಟ್ಟಿ ದಾರಿಗೆ ಹತ್ತಿದ್ದು. ಹೋದ ವರ್ಷ ಬಾಜೂ ಹೊಲದ ಮಂಜವ್ವ ಸುಟ್ಟ ಎಲೆ ನೋಡಿ, ಗಂಡ ಹೆಂಡತಿ ಸೇರಿ ಹೊಲಾನ ಉಪವಾಸ ಕೆಡವೀರೇನು ಎಂದು ಎಲ್ಲರ ಮುಂದೆ ನಕ್ಕಿದ್ದಳಂತೆ. ಅದಕ್ಕೇ ಬೇಸಿಗೆಯೆಲ್ಲ ಬೂದಿ ಕೂಡಿಟ್ಟು, ಬಿತ್ತುವ ಮೊದಲು ಚೆಲ್ಲಿದ್ದಳು.

"ಕೆಂಪು ಗೊಬ್ಬರ ಮುಟ್ಟಿಲ್ಲರೀ. ಅದನ್ನ ಹಾಕಬ್ಯಾಡ ಅಂದಿದ್ರಿ, ಹಾಕಲಿಲ್ಲ. ಬೂದಿ ಬ್ಯಾಡ ಅಂತ ಯಾರೂ ಹೇಳಿರಲಿಲ್ಲ."

ಖರೆ, ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ಕಟ್ಟಿಗೆಯ ಬೂದಿಯಲ್ಲೂ ಪೊಟ್ಯಾಶ್ ಇರುತ್ತದೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ವಿಷಯ ತಿಳಿದ ಗುಡುಸಾಬರು ತಲೆಗೆ ಕೈಯಿಟ್ಟು, "ಮೂರು ವರ್ಷದ ದುಡಿಮಿ ಒಲ್ಯಾಗ ಹಾಕಿದ್ಯಲ್ಲ ಮಾರಾಯ್ತಿ" ಅಂದರು. ಸುಗ್ರಾಬಿ, ಬೆಳಿ ಬಂದಾಗ ಎರಡೂ ಕೈಲೆ ತುಂಬಿಕೊಂಡವರು ಯಾರು ಎಂದು ಕೇಳಿದಳು.

ಬೂದಿಯ ವಿಷಯ ಬರೆಯದಿದ್ದರೆ ವರದಿ ಮುಗಿಯುತ್ತಿತ್ತು, ಸುಳ್ಳಾಗಿ. ಬರೆದರೆ ಕಾದು ಪಡೆದ ಒಂದೇ ಒಣ ವರ್ಷ ಲೆಕ್ಕದಿಂದ ಬಿದ್ದುಹೋಗುತ್ತಿತ್ತು. ಇನ್ನೊಂದು ವರ್ಷ ಈ ಕೆಲಸ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ನನ್ನ ಮುಖ ನೋಡಿ ಸುಗ್ರಾಬಿ ಮೆಲ್ಲಗೆ, "ನನ್ನ ಹೆಸರು ಬರೀತೀರೇನು?" ಎಂದು ಕೇಳಿದಳು. ಹೆಸರು ಬೇಡ, ಎಷ್ಟು ಬುಟ್ಟಿ, ಬುಟ್ಟಿಗೆ ಎಷ್ಟು ತೂಕ ಎಂಬುದು ಬೇಕು ಅಂದೆ.

ಒಂಬತ್ತು, ಎಂದಳು. ಎದ್ದುಹೋಗಿ ಅದೇ ಬುಟ್ಟಿ ತಂದು, ಒಲೆಯ ಹಿಂದಿನ ಬೂದಿ ಬಳಿದು ತುಂಬಿದಳು. ಗುಡುಸಾಬರು ತಕ್ಕಡಿ ಎತ್ತಿ ಹಿಡಿದರು. ನಾನು ಮುಳ್ಳು ನೋಡುವಷ್ಟರಲ್ಲಿ ಅವಳು ತಡೆದಳು.

"ತಡೀರಿ ಬಾಯಾರ. ನಾ ಹಿಂಗ ಸಡ್ಲ ತುಂಬಿರಲಿಲ್ಲ."

ಮೊಣಕಾಲೂರಿ ಕುಳಿತು, ಅಂಗೈಯಿಂದ ಬೂದಿಯನ್ನು ಒತ್ತಿ, ಮತ್ತೆರಡು ಬೊಗಸೆ ಹಾಕಿ, ಮತ್ತೆ ಒತ್ತಿದಳು.