ಡೊಲೋರೆಸಜ್ಜಿಯ ಅಪ್ಪನ ಟೋಪಿ

ನಮ್ಮ ಮನೆಯ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿರುವವರೆಲ್ಲ ಸತ್ತವರು, ಅದೂ ಬೇಸ್‌ಬಾಲ್ ಆಡುತ್ತಿದ್ದವರು. ದೊಗಳೆ ಪ್ಯಾಂಟು, ಮೊಣಕಾಲುದ್ದದ ಕಾಲುಚೀಲ ಹಾಕಿಕೊಂಡು, ಬ್ಯಾಟು ಹಿಡಿದು ನೂರು ವರ್ಷದ ಹಿಂದಿನಿಂದ ನಮ್ಮನ್ನೇ ದುರುಗುಟ್ಟಿ ನೋಡುತ್ತಾರೆ. ನನ್ನ ಗಂಡ ಶೇಷಗಿರಿಗೆ ಅವರಿಗೆ ಬಣ್ಣ ಹಚ್ಚುವುದೇ ಕೆಲಸ. ಹಳೆಯ ಕಪ್ಪು ಬಿಳುಪು ಫೋಟೋವನ್ನು ಕಂಪ್ಯೂಟರಿಗೆ ಏರಿಸಿ, ಕೆನ್ನೆಗೆ ಕೆಂಪು, ಹುಲ್ಲಿಗೆ ಹಸಿರು, ಬೂಟಿಗೆ ಕಂದು ಬಳಿದು, ದೊಡ್ಡದಾಗಿ ಪ್ರಿಂಟು ತೆಗೆದು ಗೋಡೆಗೆ ನೇತುಹಾಕುತ್ತಾರೆ. ನನ್ನ ಕಾರು ಮಾತ್ರ ನಮ್ಮ ಬಡಾವಣೆ ಬೆರ್ರಿಯೆಸಾದ ಬಿಸಿಲಿನಲ್ಲಿ ಬೇಯುತ್ತದೆ.

ಈ ಹುಚ್ಚು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಮೈಸೂರಿನಲ್ಲಿ ರೇಡಿಯೋಗೆ ಕಿವಿಯಂಟಿಸಿ ಕ್ರಿಕೆಟ್ ಕೇಳಿ ಬೆಳೆದ ಮನುಷ್ಯ. ಇಲ್ಲಿಗೆ ಬಂದ ಹೊಸತರಲ್ಲಿ ಆಫೀಸಿನ ಊಟದ ಟೇಬಲಿನಲ್ಲಿ ಎಲ್ಲರೂ ಬೇಸ್‌ಬಾಲ್ ಮಾತಾಡುತ್ತಿದ್ದರಂತೆ, ಇವರು ಮೊಸರನ್ನದ ಡಬ್ಬಿ ಹಿಡಿದು ಸುಮ್ಮನೆ ತಲೆಯಾಡಿಸುತ್ತಿದ್ದರಂತೆ. ಎಷ್ಟು ದಿನ ಹಾಗೆ ಪೆದ್ದನ ಥರ ಕೂತಿರುವುದು ಅಂತ ಆಟ ಕಲಿಯಲು ಹೋದರು. ಕಲಿಯಲು ಹೋದವರು ವಾಪಸು ಬರಲೇ ಇಲ್ಲ. ಇವರು ಹಚ್ಚಿಕೊಂಡಿದ್ದ ಓಕ್ಲೆಂಡಿನ ಟೀಮು ಊರು ಬಿಟ್ಟು ಬೇರೆ ಕಡೆ ಹೋದಾಗ ನಮ್ಮ ಮನೆಯಲ್ಲಿ ಸೂತಕದ ಕಳೆ. ಆಮೇಲೆ ಹೊಸ ಆಟ ನೋಡುವುದನ್ನೇ ಬಿಟ್ಟು ಹಳೆಯ ಫೋಟೋ ಹಿಡಿದರು.

“ಇವರು ಎಲ್ಲೂ ಬಿಟ್ಟು ಹೋಗಲ್ಲ ಕಣೇ” ಎಂದರು ಒಂದು ದಿನ. ನನಗೆ ಪಾಪ ಅನ್ನಿಸಿತು. ಕಾರಿನ ವಿಷಯ ಆವತ್ತಿಗೆ ಬಿಟ್ಟೆ.

ಪಕ್ಕದ ಮನೆಯ ಡೊಲೋರೆಸ್ ಸಿಲ್ವೇರಾ ಬಂದದ್ದು ಇಂಥ ಸಮಯದಲ್ಲಿ. ತೊಂಬತ್ತರ ಹೆಂಗಸು. ನಮ್ಮ ಮಗಳು ಗಾರ್ಗಿ ಚಿಕ್ಕವಳಿದ್ದಾಗ ಅಜ್ಜಿ ಅಂತ ಕರೆದು, ನಮಗೂ ಅದೇ ಬಾಯಿಗೆ ಬಂದು, ಈಗ ಆಕೆಗೂ ಅದು ತನ್ನ ಹೆಸರೇ ಆಗಿಹೋಗಿದೆ. ಈ ಬೀದಿಯೆಲ್ಲ ಹಣ್ಣಿನ ತೋಟವಾಗಿದ್ದ ಕಾಲದಿಂದ ಇಲ್ಲಿದ್ದಾಳೆ. ಹಿಂದಿನವರು ಪೋರ್ಚುಗಲ್ ಕಡೆಯ ದ್ವೀಪಗಳಿಂದ ಬಂದವರು. ಅಪ್ಪ ತೋಟದಲ್ಲಿ ಹಣ್ಣು ಕೀಳುತ್ತಿದ್ದ, ಅದನ್ನು ಡಬ್ಬಿಗೆ ತುಂಬುವ ಫ್ಯಾಕ್ಟರಿಯ ಟೀಮಿನಲ್ಲಿ ಭಾನುವಾರ ಬೇಸ್‌ಬಾಲ್ ಆಡುತ್ತಿದ್ದ. ಆಕೆಗೆ ಏಳು ವರ್ಷವಾಗಿದ್ದಾಗ ತೀರಿಕೊಂಡ. ಉಳಿದಿರುವುದು ಒಂದೇ ಫೋಟೋ. ಅದನ್ನು ಟೀ ಟವೆಲಿನಲ್ಲಿ ಸುತ್ತಿ ತಂದಿದ್ದಳು.

“ಶೇಷ್, ನನ್ನ ಕಣ್ಣು ಹೋಗ್ತಾ ಇದೆ” ಎಂದಳು. ಎರಡೂ ಕಣ್ಣಿನ ನಡುಭಾಗ ಕೆಟ್ಟಿದೆಯಂತೆ. ಎದುರಿಗಿರುವುದು ಮಬ್ಬು, ಅಂಚಿನಲ್ಲಿ ಮಾತ್ರ ಸ್ವಲ್ಪ ಕಾಣುತ್ತದಂತೆ. ಬಣ್ಣಗಳು ಒಂದೊಂದಾಗಿ ಮಾಸುತ್ತಿವೆ, ಚಳಿಗಾಲ ಮುಗಿಯುವ ಹೊತ್ತಿಗೆ ಏನು ಉಳಿಯುತ್ತದೋ ಹೇಳಲಾಗದು ಅಂತ ಡಾಕ್ಟರು ಅಂದಿದ್ದಾರೆ. “ಅಷ್ಟರೊಳಗೆ ನಮ್ಮಪ್ಪನನ್ನ ಒಂದು ಸಲ ಬಣ್ಣದಲ್ಲಿ ನೋಡಬೇಕು. ನಾನು ಚಿಕ್ಕವಳಾಗಿದ್ದಾಗ ನೋಡಿದ ಹಾಗೇ.”

ನನ್ನ ಗಂಡ ಅವತ್ತಿನಿಂದ ಊಟಕ್ಕೆ ಕರೆದರೆ ಕೇಳಿಸಿಕೊಳ್ಳದಷ್ಟು ಮುಳುಗಿದರು. ಆ ಟೀಮಿನ ಬಗ್ಗೆ ಎಲ್ಲೋ ಲೈಬ್ರರಿಯ ಹಳೆಯ ಪೇಪರು ಹುಡುಕಿ, ಸಮವಸ್ತ್ರ ಬಿಳಿ, ಟೋಪಿ ಕಡುನೀಲಿ ಅಂತ ಪತ್ತೆ ಮಾಡಿದರು. ಫೋಟೋ ನಿಜಕ್ಕೂ ಚೆನ್ನಾಗಿ ಬಂತು. ನಾನು ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗು ಮಾಡಿಯೇ ರಿಟೈರ್ ಆದವಳು, ತಪ್ಪು ಹುಡುಕುವುದು ರಕ್ತದಲ್ಲಿದೆ. ನನಗೂ ಏನೂ ಸಿಗಲಿಲ್ಲ. ಫ್ರೇಮು ಹಾಕಿಸಿ ಇಬ್ಬರೂ ಹೋಗಿ ಕೊಟ್ಟೆವು.

ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ತುಂಬಾ ಹೊತ್ತು ನೋಡಿದಳು.

“ಚೆನ್ನಾಗಿದೆ. ಲಕ್ಷಣವಾಗಿದ್ದಾನೆ. ಆದರೆ ಇವನು ಯಾರೋ ಬೇರೆಯವನು.”

ಶೇಷಗಿರಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಟೋಪಿ ಈ ಬಣ್ಣ ಅಲ್ಲ ಎಂದಳು ಅಜ್ಜಿ. ಇವರು ಪೇಪರಿನ ಸಾಕ್ಷಿ ತೆಗೆದರು. “ಪೇಪರಿನವರು ನಮ್ಮ ಮನೆಗೆ ಬಂದಿರಲಿಲ್ಲ, ಶೇಷ್” ಎಂದಳು. ಮತ್ತೆ ಯಾವ ಬಣ್ಣ ಅಂದರೆ ಹೇಳಲು ಬರುವುದಿಲ್ಲ. ನೀಲಿ ಅಲ್ಲ, ಹಸಿರಂತೂ ಅಲ್ಲ, ನೋಡಿದರೆ ಗೊತ್ತಾಗುತ್ತದೆ ಅಷ್ಟೆ. ಕಂಪ್ಯೂಟರಿನಲ್ಲಿ ತೋರಿಸೋಣವೆಂದರೆ ಪರದೆಯ ಬೆಳಕು ಆಕೆಯ ಕಣ್ಣಿಗೆ ಚುಚ್ಚುತ್ತದೆ, ನೀರು ಸುರಿಯುತ್ತದೆ.

“ವಯಸ್ಸಾಗಿದೆ, ಮರೆತಿದ್ದಾರೆ” ಎಂದು ಇವರು ಮನೆಗೆ ಬಂದು ಗೊಣಗಿದರು.

“ರೀ, ನಿಮಗೆ ನಿನ್ನೆ ತಂದ ಕೊತ್ತಂಬರಿ ಎಲ್ಲಿಟ್ಟಿರಿ ಅನ್ನೋದು ನೆನಪಿಲ್ಲ. ಅವರಪ್ಪನ ಟೋಪಿ ಅವರಿಗೆ ನೆನಪಿಲ್ಲ ಅಂತೀರಾ?”

ಹಿಂದಕ್ಕೆ ತಂದ ಫೋಟೋ ಗರಾಜಿಗೆ ಹೋಯಿತು, ಗೋಡೆಗೆ ಹತ್ತಲಿಲ್ಲ. ದಿನಗಳು ಹೋಗುತ್ತಿದ್ದವು. ಬೀದಿಯ ಮರಗಳು ಕೆಂಪಾದವು, ಒಂದು ಬೆಳಿಗ್ಗೆ ಅಜ್ಜಿ ಬೇಲಿಯ ಹತ್ತಿರ ನಿಂತು ನನ್ನನ್ನು ಕೇಳಿದಳು, ಪದ್ಮಾ, ಎಲೆ ಇನ್ನೂ ಹಸಿರಾಗಿಯೇ ಇದೆಯಾ ಅಂತ.

ಆ ಭಾನುವಾರ ಮೈಸೂರಿನಿಂದ ಅಕ್ಕ ಫೋನು ಮಾಡಿದಳು. ನಮ್ಮ ಅಮ್ಮನ ಒಂದು ಫೋಟೋ ಇದೆ, ಸ್ಟುಡಿಯೋದಲ್ಲಿ ತೆಗೆಸಿದ್ದು, ಕಪ್ಪು ಬಿಳುಪಿನದೇ. ಅದರಲ್ಲಿ ಅಮ್ಮ ಉಟ್ಟಿರುವ ಸೀರೆಯ ಬಣ್ಣದ ಮೇಲೆ ನಾವಿಬ್ಬರೂ ಜಗಳವಾಡಲು ಶುರು ಮಾಡಿ ಎಷ್ಟೋ ವರ್ಷವಾಯಿತು. ನಾನು ಮಾವಿನ ಚಿಗುರು ಅನ್ನುತ್ತೇನೆ.

“ಮಾವಿನ ಚಿಗುರು ಅಂತೆ, ನಿನ್ನ ತಲೆ” ಎಂದಳು ಅಕ್ಕ. “ಅದು ಈರುಳ್ಳಿ ಸಿಪ್ಪೆ ಬಣ್ಣ ಕಣೇ. ಬಾ ಇಲ್ಲಿ, ಅಂಗಡಿಗೆ ಕರ್ಕೊಂಡು ಹೋಗಿ ಬಟ್ಟೆ ಹಾಸಿ ತೋರಿಸ್ತೀನಿ.”

ಫೋನಿಟ್ಟವಳೇ ಬಟ್ಟೆ ಕಪಾಟಿನ ಮೇಲಿನ ಸೂಟ್‌ಕೇಸು ಇಳಿಸಿದೆ. ಅದರ ತುಂಬಾ ರವಿಕೆ ಕಣಗಳು. ಈ ಊರಿಗೆ ಬಂದಾಗಿನಿಂದ ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಎಲೆ ಅಡಿಕೆ, ತೆಂಗಿನಕಾಯಿ ಜೊತೆ ಕೊಟ್ಟ ಬ್ಲೌಸ್ ಪೀಸುಗಳು. ಯಾರೂ ಹೊಲಿಸುವುದಿಲ್ಲ. ನಾನು ಇಲ್ಲೇ ಹತ್ತಿರದ ಡಬ್ಲಿನ್ ಊರಿನಲ್ಲಿ ಕೊಟ್ಟದ್ದು ಎರಡು ಗೌರಿ ಹಬ್ಬ ಕಳೆದ ಮೇಲೆ ಇನ್ಯಾರದೋ ಮನೆಯಿಂದ ನನಗೇ ವಾಪಸು ಬಂದದ್ದೂ ಉಂಟು. ಎಲ್ಲವನ್ನೂ ಹೊತ್ತುಕೊಂಡು ಅಜ್ಜಿಯ ಮನೆಯ ಮುಂದಿನ ಬಿಸಿಲಿಗೆ ಹೋದೆ. “ಇದೇನೇ, ಅವರಿಗೂ ಬಾಗಿನ ಕೊಡ್ತೀಯಾ?” ಎನ್ನುತ್ತಾ ಗಂಡನೂ ಹಿಂದೆ ಬಂದರು.

ಒಂದೊಂದಾಗಿ ಆಕೆಯ ಮಡಿಲಿಗೆ ಹಾಕಿದೆ. ಗಿಳಿ ಹಸಿರು, ನವಿಲು ನೀಲಿ, ಬದನೆಕಾಯಿ ಬಣ್ಣ, ಕನಕಾಂಬರ. ಆಕೆ ಒಂದೊಂದನ್ನೂ ಕಿವಿಯ ಪಕ್ಕಕ್ಕೆ ಎತ್ತಿ, ಮುಖ ಅತ್ತ ತಿರುಗಿಸಿ, ಕಣ್ಣಿನ ಅಂಚಿನಿಂದ ನೋಡುತ್ತಿದ್ದಳು. ಕನಕಾಂಬರದ್ದನ್ನು ಸುಮ್ಮನೆ ಆಸೆಯಿಂದ ಇನ್ನಷ್ಟು ಹೊತ್ತು ಹಿಡಿದುಕೊಂಡಳು. ಕೊನೆಗೆ ಗಾರ್ಗಿಯ ನಾಮಕರಣದ ಕಾಲದ ಒಂದು ಕಡುನೀಲಿ ಕಣ ಬಂತು. ಬಹಳ ವರ್ಷ ಕಿಟಕಿಯ ಪಕ್ಕದ ಶೆಲ್ಫಿನಲ್ಲಿದ್ದದ್ದು. ಮಡಿಕೆಯ ಗೆರೆಯುದ್ದಕ್ಕೂ ಬಿಸಿಲಿಗೆ ಬಣ್ಣ ಹೋಗಿತ್ತು. ಇಂಥದ್ದನ್ನು ಇನ್ನೊಬ್ಬರ ಮುಂದೆ ಇಡುವುದಾ ಅಂತ ನಾಚಿಕೆಯಾಗಿ ಎಳೆದುಕೊಳ್ಳಲು ಹೋದೆ.

ಅಜ್ಜಿ ಬಿಡಲಿಲ್ಲ. ಬೆರಳನ್ನು ತಂದು ಸರಿಯಾಗಿ ಆ ಮಾಸಿದ ಗೆರೆಯ ಮೇಲೆ ಇಟ್ಟಳು. ನೇರಳೆ ಹಣ್ಣಿನ ಮೇಲೆ ಬೂದಿ ಕೂತ ಹಾಗಿನ ಬಣ್ಣ.

“ಇದು” ಎಂದಳು. “ಇದೇ.”

“ಅಜ್ಜಿ, ಅದೂ ನೀಲಿನೇ, ಬಿಸಿಲಿಗೆ...” ಎಂದು ಶುರು ಮಾಡಿದ ನನ್ನ ಗಂಡ ಅರ್ಧಕ್ಕೇ ನಿಂತರು. ಮೆಲ್ಲಗೆ ಕೇಳಿದರು, “ತೋಟಕ್ಕೆ ಹೋಗುವಾಗ ಯಾವ ಟೋಪಿ ಹಾಕ್ತಿದ್ದರು?”

“ಯಾವ ಟೋಪಿ ಅಂದರೆ? ಇದ್ದದ್ದೇ ಒಂದು” ಎಂದಳು ಅಜ್ಜಿ.

ಪೇಪರು ಸುಳ್ಳು ಹೇಳಿರಲಿಲ್ಲ, ಆಕೆಯೂ ಮರೆತಿರಲಿಲ್ಲ. ಟೋಪಿ ಕೊಟ್ಟ ದಿನ ಅದು ಕಡುನೀಲಿ. ಆಮೇಲೆ ವಾರವೆಲ್ಲ ಬಿಸಿಲಿನಲ್ಲಿ ಹಣ್ಣು ಕಿತ್ತು, ಭಾನುವಾರ ಆಟಕ್ಕೂ ಅದನ್ನೇ ಹಾಕಿಕೊಂಡು ಹೋದವನ ತಲೆಯ ಮೇಲೆ ಅದು ಎಷ್ಟು ದಿನ ನೀಲಿಯಾಗಿದ್ದೀತು? ನಾವು ಬಣ್ಣ ಹಚ್ಚಿದ್ದು ಅಂಗಡಿಯಲ್ಲಿದ್ದ ಟೋಪಿಗೆ.

ಶೇಷಗಿರಿ ಬಟ್ಟೆಯ ಮಡಿಕೆಯನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟುಕೊಂಡು ಮತ್ತೆ ಕೂತರು. ಟೋಪಿ ಬಿಸಿಲು ಕಂಡಿದ್ದರೆ ಮುಖ ಕಂಡಿಲ್ಲವೇನ್ರೀ ಎಂದೆ ನಾನು. ಸರಿ, ಅದೂ ಬದಲಾಯಿತು. ಕುತ್ತಿಗೆ ಸುಟ್ಟ ಕೆಂಪಾಯಿತು, ಟೋಪಿಯ ನೆರಳಿನ ಕೆಳಗೆ ಹಣೆ ಬೆಳ್ಳಗೆ ಉಳಿಯಿತು, ಬಿಳಿ ಅಂಗಿಗೆ ತೊಳೆದು ತೊಳೆದು ಬಂದ ಹಳದಿ ಬಂತು. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮದುವೆಯಾದ ಮೇಲೆ ನಾವು ಇಷ್ಟು ಹೊತ್ತು ಒಂದೇ ಮುಖವನ್ನು ನೋಡುತ್ತಾ ಕೂತದ್ದು ಗಾರ್ಗಿ ಹುಟ್ಟಿದಾಗ ಮಾತ್ರ.

ಈ ಸಲ ಫ್ರೇಮು ಹಾಕಿಸಲಿಲ್ಲ. ಗಾಜು ಹೊಳೆದರೆ ಆಕೆಗೆ ಕಾಣುವುದಿಲ್ಲ. ಬರೀ ಕಾಗದವನ್ನೇ ಒಯ್ದು ಕೈಗೆ ಕೊಟ್ಟೆವು. ಅಜ್ಜಿ ಅದನ್ನು ಎಡಗಡೆಗೆ ಎತ್ತಿ ಹಿಡಿದು, ಮುಖವನ್ನು ಬಲಕ್ಕೆ, ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿಸಿದಳು. ಅಪ್ಪನನ್ನು ನೋಡಬೇಕಾದರೆ ಆಕೆ ಈಗ ಬೇರೆ ಕಡೆ ನೋಡಬೇಕು. ನನಗೆ ಅದನ್ನು ನೋಡಲಾಗಲಿಲ್ಲ.

ಆಮೇಲೆ ಆಕೆ ಮಾತಾಡಲು ಶುರು ಮಾಡಿದಳು, ಇಂಗ್ಲಿಷಿನಲ್ಲಲ್ಲ, ಅಪ್ಪನ ಭಾಷೆಯಲ್ಲಿ. ಇಷ್ಟು ವರ್ಷದ ನೆರೆಹೊರೆಯಲ್ಲಿ ಆಕೆಯ ಬಾಯಲ್ಲಿ ಆ ಭಾಷೆಯನ್ನು ನಾವು ಕೇಳಿದ್ದೇ ಇಲ್ಲ. ದನಿ ಏರಿತು, ಬೈಯುತ್ತಿದ್ದಾಳೆ ಅನ್ನಿಸಿತು, ಮತ್ತೆ ಇಳಿಯಿತು. ಒಂದು ಅಕ್ಷರವೂ ಅರ್ಥವಾಗಲಿಲ್ಲ, ನಮಗಾಗಿ ಆಡಿದ ಮಾತೂ ಅಲ್ಲ ಅದು. ಎಲ್ಲದಕ್ಕೂ ವಿವರಣೆ ಕೊಡುವ ನನ್ನ ಗಂಡ ನೆಲ ನೋಡುತ್ತಾ ನಿಂತಿದ್ದರು. ನಾನು ಅತ್ತೆ, ಮುಚ್ಚಿಡುವುದೇನು.

ಕೊನೆಗೆ ಅಜ್ಜಿ ಫೋಟೋವನ್ನು ಮಡಿಲಿಗೆ ಇಳಿಸಿ, ಅದರ ಮೇಲೆ ಅಂಗೈ ಇಟ್ಟಳು.

“ನಮ್ಮನ್ನ ಬಿಟ್ಟು ಹೋದ ಅಂತ ಇಷ್ಟು ವರ್ಷವೂ ಇವನ ಮೇಲೆ ಸಿಟ್ಟು ಮಾಡಿಕೊಂಡೇ ಬಂದೆ, ಪದ್ಮಾ. ಕಪ್ಪು ಬಿಳುಪಿನಲ್ಲಿ ದೊಡ್ಡ ಮನುಷ್ಯನ ಹಾಗೆ ಕಾಣ್ತಿದ್ದ” ಎಂದಳು. “ನೋಡಿದರೆ ಇನ್ನೂ ಹುಡುಗ. ನನ್ನ ಮೊಮ್ಮಗನಿಗಿಂತ ಚಿಕ್ಕವನು.”