ಹೆಂಡತಿಯ ಸೊನ್ನೆ

ನವೆಂಬರ್ ಹತ್ತು, ಸೋಮವಾರ, ಬೆಳಗ್ಗೆ ಐದು ಗಂಟೆ ಇಪ್ಪತ್ತು ನಿಮಿಷ. ಬಸ್ ಡಿಪೋದ ಗೇಟಿಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಅವಳು ಉಸಿರು ಪರೀಕ್ಷಿಸುವ ಯಂತ್ರವನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. ಅದರ ಕೊಳವೆಗೆ ಊದಿ, ಸೊನ್ನೆ ಬಂದು ಪಾಸಾಗದೆ ಯಾವ ಡ್ರೈವರಿಗೂ ಬಸ್ಸಿನ ಕೀಲಿ ಸಿಗುತ್ತಿರಲಿಲ್ಲ.

ದಿನದ ಮೊದಲ ಉಸಿರು ಅವಳದೇ ಆಗಬೇಕೆಂಬುದು ನಿಯಮ. ಕುಡಿಯದವರು ಊದಿ ಸೊನ್ನೆ ಬಂದರೆ ಯಂತ್ರ ಸರಿಯಿದೆ ಎಂದು ಲೆಕ್ಕ. ಊದುವ ಮುಂಚೆ ಊದುವವರ ನಂಬರ್ ಒತ್ತಬೇಕು. ಅವಳ ಗಂಡನೂ ಅದೇ ಡಿಪೋದಲ್ಲಿ ಡ್ರೈವರ್. ಒಂದು ವರ್ಷದಿಂದ, ಅವನ ಕಣ್ಣು ಕೆಂಪಗಿದ್ದ ದಿನಗಳಲ್ಲಿ, ತನ್ನದಾದ ಮೇಲೆ ಅವನ ನಂಬರನ್ನೂ ಒತ್ತಿ ಅವಳೇ ಊದುತ್ತಿದ್ದಳು. ಮೊದಲ ಸಲ ಬಾಗಿಲು ಹಾಕಿಕೊಂಡು ಊದಿದ್ದಳು. ಆಮೇಲೆ ಅದು ಅವನ ಡಬ್ಬಿಗೆ ಊಟ ತುಂಬಿಸಿದಷ್ಟೇ ಸಲೀಸಾಯಿತು. ಇಷ್ಟು ಮಾಡಿದರೆ ಮನೆ ಉಳಿಯುತ್ತದೆ ಎಂದುಕೊಂಡಿದ್ದಳು.

ಕಳೆದ ವಾರ ಅವನು ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕಂಡಕ್ಟರನ ಪಾದ ಚಕ್ರದಡಿ ಸಿಕ್ಕಿತು. ವಿಚಾರಣೆಯಲ್ಲಿ ಎಲ್ಲರೂ ಡ್ರೈವರನ ಆ ದಿನದ ಸೊನ್ನೆಯನ್ನು ನೋಡಿದರು. ತಪ್ಪು ಸೀಟಿ ಹೊಡೆದನೆಂದು ಕಂಡಕ್ಟರನನ್ನೇ ಕೆಲಸದಿಂದ ತೆಗೆದರು. ನಿನ್ನೆ ಅವಳು ಆಸ್ಪತ್ರೆಗೆ ಹೋದಾಗ ಆ ಕಂಡಕ್ಟರ್, "ಅಕ್ಕಾ, ನಿಮ್ಮ ಮಿಷನ್ ಸುಳ್ಳು ಹೇಳಲ್ಲ. ನಂದೇ ಏನೋ ಎಡವಟ್ಟಾಗಿರ್ಬೇಕು ಬಿಡಿ," ಎಂದಿದ್ದ. ಅವಳು ಒಯ್ದಿದ್ದ ಕಿತ್ತಳೆಯನ್ನು ಸುಲಿದು ಅವಳಿಗೇ ಕೊಟ್ಟಿದ್ದ.

ಇವತ್ತು ಅವಳು ತನ್ನ ನಂಬರಿಗೆ ಮಾತ್ರ ಊದಿ ಕಿಟಕಿ ತೆರೆದಳು.

ಗಂಡ ಲವಂಗ ಅಗಿಯುತ್ತಾ ಕಿಟಕಿಗೆ ಬಂದ. "ಕೀಲಿ ಕೊಡೇ."

ಅವಳು ಅವನ ನಂಬರ್ ಒತ್ತಿ ಕೊಳವೆ ಚಾಚಿದಳು. "ಊದ್ರಿ."

ಹಿಂದೆ ನಿಂತಿದ್ದ ಬೋಳುತಲೆಯ ಡ್ರೈವರ್, "ಹೆಂಡತಿ ಮುಂದೆ ಉಸಿರೆತ್ತೋ ಗಂಡಸು ಎಲ್ಲಿದ್ದಾನಮ್ಮಾ? ಪಾಪ, ಬಿಟ್ಬಿಡು," ಎಂದ. ಸಾಲಿಗೆ ಸಾಲೇ ನಕ್ಕಿತು. ಗಂಡನೂ ನಕ್ಕ. ಬಾಗಿ ದನಿ ತಗ್ಗಿಸಿದಾಗಲೂ ಆ ನಗು ಮುಖದ ಮೇಲೆ ಹಾಗೇ ಇತ್ತು.

"ಏನೇ ಇದು, ಹೊಸ ನಾಟಕ?"

"ನಾಟಕ ಮುಗೀತು."

"ನನ್ ಕೆಲಸ ಹೋದ್ರೆ ನಿನ್ ಹೊಟ್ಟೆಗೂ ತಣ್ಣೀರು ಬಟ್ಟೆನೇ, ನೆನಪಿರ್ಲಿ."

"ನಂದೂ ಹೋಗುತ್ತೆ. ಅವತ್ತು ಊದಿದ್ದು ಯಾರು ಅಂತ ಮ್ಯಾನೇಜರ್ ಬಂದ ತಕ್ಷಣ ನಾನೇ ಹೇಳ್ತೀನಿ. ಆ ಹುಡುಗನ ಪಾದ ನೋಡ್ಕೊಂಡು ಬಂದಿದ್ದೀನಿ ರೀ."

ಅವನ ನಗು ಆರಿತು. "ಇವತ್ತು ಊದಿಸ್ತೀನಿ ಅಂತ ನಿನ್ನೆನೇ ಬಾಯ್ಬಿಟ್ಟಿದ್ರೆ ಕುಡೀತಾನೇ ಇರ್ಲಿಲ್ಲ. ನೀನಿದ್ದೀಯ ಅನ್ನೋ ಧೈರ್ಯದ ಮೇಲೇ ಕುಡಿದಿದ್ದು."

ಸುಳ್ಳಾಗಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಇಷ್ಟು ದಿನದಲ್ಲಿ ಅವನು ಆಡಿದ ಒಂದೇ ಒಂದು ನಿಜ ಇದಿರಬಹುದೆನಿಸಿತು. ಲೋಟ ಹಿಡಿದವನು ಅವನು; ತುಂಬಿಸಿ ಕೊಟ್ಟವಳು ತಾನು.

"ಊದದಿದ್ರೆ ಕುಡಿದಿದ್ದಾರೆ ಅಂತಲೇ ಲೆಕ್ಕ," ಎಂದಳು, ಸಾಲಿಗೆಲ್ಲ ಕೇಳುವಂತೆ.

"ಸಂಜೆ ಯಾವ ಮುಖ ಹೊತ್ಕೊಂಡು ಮನೆಗೆ ಬರ್ತೀಯ?"

"ಬರ್ತೀನಿ ಅಂತ ಯಾರು ಹೇಳಿದ್ದು?"

ಈಗ ಯಾರೂ ನಗುತ್ತಿರಲಿಲ್ಲ. ಅವನು ಕೊಳವೆಯನ್ನು ಕಿತ್ತುಕೊಂಡು, ಅವಳ ಮುಖಕ್ಕೇ ಉಗಿಯುವವನಂತೆ ದಿಟ್ಟಿಸುತ್ತಾ ಊದಿದ. ಯಂತ್ರ ಕಿರ್ರೆಂದಿತು. ಅವಳು ಅವನ ನಂಬರಿನ ಎದುರಿಗಿದ್ದ ಅಂಕಿಯನ್ನು ಓದಿದಳು: ನೂರು ಮಿಲಿಲೀಟರ್ ರಕ್ತಕ್ಕೆ ಎಂಬತ್ತಾರು ಮಿಲಿಗ್ರಾಂ ಆಲ್ಕೋಹಾಲ್.