ಸುಣ್ಣದ ಗೆರೆಯೊಳಗಿನ ನಾಲ್ಕು ಮೊಟ್ಟೆ

ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡವರು ನಿಮ್ಮಲ್ಲಿಯೂ ಇರಬಹುದು. ಶಂಕ್ರೆಪ್ಪನೂ ಹಾಗೇ ಬೈಸಿಕೊಂಡ. ಬೈದದ್ದು ಒಂದು ಹಕ್ಕಿ.

ಶಂಕ್ರೆಪ್ಪ ಯಾದಗಿರಿ ಕಡೆಯ ಗೌಂಡಿ, ಗಾರೆ ಕೆಲಸದವನು. ಪುಣೆಯ ವಾಕಡದಲ್ಲಿ ಏಳುತ್ತಿರುವ ಒಂದು ಅಪಾರ್ಟ್‌ಮೆಂಟಿನ ಸೈಟಿನಲ್ಲಿ ಅವನಿಗೂ ಹೆಂಡತಿ ಶರಣಮ್ಮನಿಗೂ ಕೆಲಸ. ಅಲ್ಲೇ ತಗಡಿನ ಪತ್ರಾ ಶೆಡ್ಡಿನಲ್ಲಿ ಸಂಸಾರ. ಏಪ್ರಿಲ್ ತಿಂಗಳಲ್ಲಿ ಸೈಟಿನ ಹಿಂದಿನ ಮೂಲೆಯಲ್ಲಿ, ಜಲ್ಲಿಕಲ್ಲಿನ ಖಡಿ ಹರಡಿದ್ದ ಜಾಗದಲ್ಲಿ ಒಂದು ಟಿಟವಿ, ಅಂದರೆ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತು. ಉದ್ದ ಹಳದಿ ಕಾಲಿನ ಈ ಹಕ್ಕಿ ಮರದ ಮೇಲೆ ಗೂಡು ಕಟ್ಟುವುದಿಲ್ಲ, ಅದಕ್ಕೆ ನೆಲವೇ ಗೂಡು. ಮೊಟ್ಟೆಗೂ ಕಲ್ಲಿಗೂ ಬಣ್ಣ ಒಂದೇ. ಶರಣಮ್ಮ ತುಳಿಯುವುದೊಂದು ಬಾಕಿ ಇತ್ತು.

"ಜೆಸಿಬಿ ಬಂತಂದ್ರ ಒಂದೂ ಉಳಿಯಂಗಿಲ್ಲ," ಅಂದಳು ಶರಣಮ್ಮ. ಕೂಲಿಯಾಳುಗಳ ಮೇಲಿನ ಮುಕಾದಮನ ಮುಂದೆ ನಿಂತು ಹಟ ಹಿಡಿದಳು. ಮರಿಗಳಾಗುವ ತನಕ ಆ ಮೂಲೆಗೆ ಕೈ ಹಚ್ಚುವುದಿಲ್ಲ ಎಂಬ ಮಾತು ತೆಗೆದುಕೊಂಡೇ ಬಂದಳು.

ಇನ್ನು ಶಂಕ್ರೆಪ್ಪ ಸುಮ್ಮನಿರುತ್ತಾನೆಯೇ? ಪಾಯ ತೋಡುವ ಮೊದಲು ಸುಣ್ಣದ ಪುಡಿಯಿಂದ ನೆಲದ ಮೇಲೆ ಗೆರೆ ಎಳೆದು ಪಳಗಿದ ಕೈ ಅವನದು. ಯಾರೂ ತುಳಿಯಬಾರದೆಂದು ಮೊಟ್ಟೆಗಳ ಸುತ್ತ ದುಂಡಗೆ ಬಿಳಿ ಗೆರೆ ಎಳೆದುಬಿಟ್ಟ. ಅಚ್ಚುಕಟ್ಟಾದ ಕೆಲಸ. ನಾಲ್ಕನೆಯ ಮಹಡಿಯಿಂದಲೂ ಕಾಣುತ್ತಿತ್ತು.

ಅಲ್ಲಿಂದ ಅದನ್ನು ಕಂಡವನು ಸೈಟಿನ ಎಂಜಿನಿಯರ್ ಕೇದಾರ. ಪುಣೆಯದೇ ಕೋಥರೂಡದ ಹುಡುಗ, ಹಕ್ಕಿ ಫೋಟೊದ ಹುಚ್ಚು ಹೊಸದಾಗಿ ಹತ್ತಿತ್ತು. ಭಾನುವಾರ ಬೆಳಿಗ್ಗೆ ತೋಳುದ್ದದ ಲೆನ್ಸ್ ಹೊತ್ತುಕೊಂಡು ಬಂದ. ಬಂದವರನ್ನು ನಿಲ್ಲಿಸಿಯೇ ಕಳಿಸುವ ಪದ್ಧತಿ ಶಂಕ್ರೆಪ್ಪನ ಮನೆತನದಲ್ಲಿಲ್ಲ. ಪ್ಲಾಸ್ಟಿಕ್ ಕುರ್ಚಿ ತಂದು ಗೆರೆಯ ಪಕ್ಕದಲ್ಲೇ ಹಾಕಿದ. ಕ್ಯಾಮೆರಾಕ್ಕೆ ಅಡ್ಡ ಬರುತ್ತಿದ್ದ ಹುಲ್ಲು ಕಿತ್ತ. ಶರಣಮ್ಮ ಚಹಾ ತಂದಳು.

ಟಿಟವಿ ಮೊಟ್ಟೆ ಬಿಟ್ಟು ಎದ್ದಿತು. ಅವರ ತಲೆಯ ಮೇಲೆ ಸುತ್ತುತ್ತ ಕಿರುಚಿತು. ಆಮೇಲೆ ದೂರ ಇಳಿದು, ಒಂದು ರೆಕ್ಕೆ ನೆಲಕ್ಕೆ ಎಳೆಯುತ್ತ ಓಡಿತು.

"ನೋಡ್ರಿ ಸಾಹೇಬ, ಫೋಟೊಕ್ಕ ಹ್ಯಾಂಗ ಕುಣೀಲಿಕತ್ತದ," ಎಂದು ಶಂಕ್ರೆಪ್ಪ ಹಿಗ್ಗಿದ. ಕೇದಾರ ಅವನಿಗಿಂತ ಹೆಚ್ಚು ಹಿಗ್ಗಿದ. ಫೋಟೊವನ್ನು ಜಾಗದ ವಿಳಾಸದ ಸಮೇತ ತನ್ನ ವಾಟ್ಸಾಪ್ ಗುಂಪಿಗೆ ಹಾಕಿದ. ಮರುದಿನದಿಂದ ಆ ಕುರ್ಚಿ ಖಾಲಿ ಇದ್ದದ್ದೇ ಕಡಿಮೆ.

ಬುಧವಾರದ ಹೊತ್ತಿಗೆ ಗಂಡಹೆಂಡತಿ ಇಬ್ಬರಿಗೂ ತಲೆ ಕೆಟ್ಟಿತ್ತು. ಹಕ್ಕಿ ಕೂತರೆ ಒಂದು ಗಳಿಗೆ, ಎದ್ದರೆ ಗಂಟೆಗಟ್ಟಲೆ.

"ಯಾರೂ ಮುಟ್ಟಿಲ್ಲ, ಯಾರೂ ಕಲ್ಲು ಒಗದಿಲ್ಲ. ಮತ್ತ್ಯಾಕ ಕೂಡವಲ್ದು ಇದು?" ಅಂದಳು ಶರಣಮ್ಮ.

"ನನಗೂ ಅದೇ ತಿಳೀವಲ್ದು. ಸುಣ್ಣದ ವಾಸನಿ ಬಡದಿರಬೇಕೇನು? ಇಲ್ಲಾ ಆ ಕ್ಯಾಮೆರಾದಾಗಿಂದ ಏನರ ಬರತದೇನು, ಕರೆಂಟ್ ಗಿರೆಂಟ್?"

"ಕರೆಂಟ್ ಬಂದ್ರ ಮದಲ ಸಾಹೇಬ್ರಿಗೇ ಹೊಡೀತಿತ್ತು," ಎಂದು ಶರಣಮ್ಮ ಎದ್ದಳು. ಸೈಟಿನ ಎದುರಿಗೆ ಕುಂದಾಪುರದವರ ಹೋಟೆಲಿದೆ. ಅದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಜ್ಯೋತ್ಸ್ನಾ ರಜೆಯ ದಿನ ಉದ್ದ ಲೆನ್ಸ್ ಹಿಡಿದು ಕೆರೆ ಸುತ್ತುವವಳು, ಹತ್ತು ವರ್ಷದಿಂದ ಹಕ್ಕಿ ನೋಡುತ್ತಿರುವವಳು. ಶರಣಮ್ಮ ಅವಳನ್ನೇ ಕರೆದುಕೊಂಡು ಬಂದಳು.

ಆಗ ನಡು ಮಧ್ಯಾಹ್ನ. ಊಟದ ಬಿಡುವಿನಲ್ಲಿ ಕೇದಾರ ಕುರ್ಚಿಯ ಮೇಲಿದ್ದ. ಜ್ಯೋತ್ಸ್ನಾ ಶೆಡ್ಡಿನ ಹತ್ತಿರವೇ ನಿಂತುಬಿಟ್ಟಳು.

"ಬರ್ರಿ ಅಕ್ಕಾರ, ಇನ್ನೊಂದು ಕುರ್ಚಿ ತರತೀನಿ," ಅಂದ ಶಂಕ್ರೆಪ್ಪ.

"ಕುರ್ಚಿ ಬೇಡ ಮಾರಾಯ್ರೆ. ಮೊದಲು ಅವರನ್ನು ಎಬ್ಬಿಸಿ ಈಚೆ ಕರೀರಿ."

ಶಂಕ್ರೆಪ್ಪನಿಗೆ ಸ್ವಲ್ಪ ಸಿಟ್ಟೇ ಬಂತು. ಕೇದಾರನನ್ನು ಈಚೆ ಕರೆದ ಮೇಲೆ ಜ್ಯೋತ್ಸ್ನಾಳನ್ನು ಕೇಳಿಯೇಬಿಟ್ಟ. "ನಾವು ಏನು ಕೆಟ್ಟದ್ದು ಮಾಡೀವ್ರಿ? ಸುಮ್ಮ ಕುಂತು ಫೋಟೊ ಹೊಡದ್ರ ತತ್ತಿಗೆ ಏನಾಗತದ?"

"ಈ ಖಡಿ ಮೇಲೆ ಒಮ್ಮೆ ಅಂಗೈ ಇಡಿ."

ಇಟ್ಟ ಕೈಯನ್ನು ಶಂಕ್ರೆಪ್ಪ ತಟ್ಟನೆ ತೆಗೆದ. "ರೊಟ್ಟಿ ಹಂಚ್ ಆಗ್ಯಾದ್ರಿ."

"ಹಕ್ಕಿ ಎದ್ದರೆ ಮೊಟ್ಟೆ ಇರೋದು ಅದೇ ಹಂಚಿನ ಮೇಲೆ. ಈ ಬಿಸಿಲಲ್ಲಿ ಅದು ಕೂರೋದು ನೆರಳು ಕೊಡ್ಲಿಕ್ಕೆ. ನೀರಲ್ಲಿ ಹೊಟ್ಟೆ ಒದ್ದೆ ಮಾಡ್ಕೊಂಡು ಬಂದು ಮೊಟ್ಟೆ ತಂಪು ಮಾಡ್ತದೆ. ಸ್ಲ್ಯಾಬಿಗೆ ನೀವು ನೀರು ಹೊಡಿಯೋದಿಲ್ವಾ, ಹಾಗೆ."

ಹದಿನೆಂಟು ವರ್ಷದ ಗೌಂಡಿ ಕೆಲಸದಲ್ಲಿ ಒಂದು ದಿನವೂ ಕ್ಯೂರಿಂಗಿನ ನೀರು ತಪ್ಪಿಸಿಲ್ಲ ಎಂದು ಹೇಳಿಕೊಂಡು ತಿರುಗುವ ಮನುಷ್ಯ ಶಂಕ್ರೆಪ್ಪ.

"ನೀರು ತಪ್ಪಿದ್ರ ಸ್ಲ್ಯಾಬ್ ಬಿರಕ ಬಿಡತದ," ಅಂದ ಮೆಲ್ಲಗೆ.

"ಅದರ ನೀರು ನಾಲ್ಕು ದಿನದಿಂದ ತಪ್ತಾ ಉಂಟು."

"ಮತ್ತ ಅವತ್ತು ರೆಕ್ಕಿ ಎಳಕೊಂಡು ಕುಣೀತಿತ್ತಲ್ರಿ?"

"ಕುಣಿದದ್ದಲ್ಲ. ರೆಕ್ಕೆ ಮುರಿದ ಹಾಗೆ ನಟನೆ ಮಾಡಿ ನಿಮ್ಮನ್ನು ಮೊಟ್ಟೆಯಿಂದ ಆಚೆ ಎಳೀತಿತ್ತು."

ಶರಣಮ್ಮ ಅಲ್ಲೇ ಕುಳಿತಳು. ಅವಳಿಗೆ ಬಹಳ ನಾಚಿಕೆಯಾಯಿತು. "ಜೆಸಿಬಿ ತಡದೆ ಅಂತ ಬೀಗಿದ್ನಿ. ಚಾ ಕೊಟ್ಟು ಕುಂಡರಿಸಿದಾಕಿನೂ ನಾನೇ."

ಕೇದಾರನ ಗೊಂದಲ ಬೇರೆ. ಹತ್ತಿರ ಹೋಗದಿದ್ದರೆ ಫೋಟೊದಲ್ಲಿ ಹಕ್ಕಿ ಸಣ್ಣದಾಗುತ್ತದಲ್ಲ ಎಂದು ಮರಾಠಿಯಲ್ಲಿ ಕೇಳಿದ. ಜ್ಯೋತ್ಸ್ನಾ ಮರಾಠಿಯಲ್ಲೇ ಹೇಳಿದಳು, ಇಷ್ಟುದ್ದದ ಲೆನ್ಸ್ ಇರುವುದೇ ದೂರ ನಿಲ್ಲುವುದಕ್ಕೆ, ಮೂಗಿನ ಹತ್ತಿರ ಹೋಗುವುದಾದರೆ ಮೊಬೈಲು ಸಾಕಿತ್ತು.

"ಎಷ್ಟು ದೂರ ಅಂತ ಹೆಜ್ಜಿ ಹೇಳ್ರಿ, ನಾ ಅಳದು ಗೆರಿ ಹಾಕತೀನಿ," ಅಂದ ಶಂಕ್ರೆಪ್ಪ. ಅಭ್ಯಾಸ ಬಿಡುವುದುಂಟೇ?

"ಪುನಃ ಗೆರೆಯಾ? ಆ ಬಿಳಿ ಗೆರೆ ನೋಡಿ ನಾಳೆ ಮೊಟ್ಟೆ ತಿನ್ಲಿಕ್ಕೆ ಕಾಗೆಯೂ ಬರಬಹುದು. ಹೆಜ್ಜೆ ಲೆಕ್ಕ ನನ್ನ ಹತ್ರ ಇಲ್ಲ, ಹಕ್ಕಿಯ ಹತ್ರ ಉಂಟು. ಅದು ಕೂಗಿತು, ಎದ್ದಿತು ಅಂದರೆ ನಾವು ಮೀರಿದ್ದೇವೆ. ಅದು ತಿರುಗಿ ಕೂರುವ ತನಕ ಹಿಂದೆ ಸರೀತಾ ಇರೋದು."

ಎಲ್ಲರೂ ಶೆಡ್ಡಿನ ಹಿಂದೆ ಸರಿದರು. ಸ್ವಲ್ಪ ಹೊತ್ತಿಗೆ ಕಿರುಚಾಟ ನಿಂತಿತು. ಸ್ಲ್ಯಾಬಿನಿಂದ ಇಳಿದ ನೀರು ಗೋಡೆಯ ಬುಡದಲ್ಲಿ ನಿಂತಿತ್ತು. ಟಿಟವಿ ಓಡಿ ಬಂದು ಅದರಲ್ಲಿ ಹೊಟ್ಟೆ ಅದ್ದಿತು, ಆಚೆ ಈಚೆ ನೋಡಿತು, ಓಡಿ ಹೋಗಿ ಮೊಟ್ಟೆಗಳ ಮೇಲೆ ಕೂತಿತು. ತಾನು ಹೊಡೆದ ನೀರು ಅದು ಎಂದು ಶಂಕ್ರೆಪ್ಪನಿಗೆ ಗೊತ್ತಾಯಿತು. ಪತ್ರಾದ ಸಂದಿನಿಂದ ಕೇದಾರ ಫೋಟೊ ತೆಗೆದ. ಹಕ್ಕಿ ಸಣ್ಣದಾಗಿತ್ತು, ನೆಮ್ಮದಿಯಾಗಿತ್ತು.

ಬಿಸಿಲು ತಗ್ಗಿದ ಮೇಲೆ ಶಂಕ್ರೆಪ್ಪ ಒಬ್ಬನೇ ಹೋಗಿ ಗೆರೆ ಅಳಿಸಿ, ಕುರ್ಚಿ ಎತ್ತಿಕೊಂಡು ಎರಡೇ ನಿಮಿಷದಲ್ಲಿ ಬಂದ. ಜೆಸಿಬಿಗೆ ಕಾಣುವಂತೆ ಬಹಳ ಆಚೆ ನಾಲ್ಕು ಬಿದಿರು ನೆಟ್ಟು ಹಗ್ಗ ಕಟ್ಟಿದ. ಕೇದಾರ ಗುಂಪಿನಿಂದ ವಿಳಾಸ ತೆಗೆದ.

ಹನ್ನೆರಡು ದಿನದ ಮೇಲೆ ಮೂರು ಮರಿಗಳು ತಾಯಿಯ ಹಿಂದೆ ಪುಟುಪುಟು ನಡೆದು ಹೋದವು. ನಾಲ್ಕನೆಯ ಮೊಟ್ಟೆ ಅಲ್ಲೇ ಉಳಿಯಿತು.

"ಇದು ಯಾವ ದಿನ ಕೆಟ್ಟಿರಬೇಕ್ರಿ ಅಕ್ಕಾರ? ನಾ ಕುರ್ಚಿ ಹಾಕಿದ ದಿನಾನೋ?" ಎಂದು ಶಂಕ್ರೆಪ್ಪ ಕೇಳಿದ.

"ಬಿಸಿಲಿಗೋ, ಮೊದಲೇ ಕೆಟ್ಟಿತ್ತೋ, ಹೇಳ್ಲಿಕ್ಕೆ ಬರೋದಿಲ್ಲ," ಅಂದಳು ಜ್ಯೋತ್ಸ್ನಾ. ಅವನು ಇವತ್ತಿಗೂ ಚಹಾದ ಹೊತ್ತಿನಲ್ಲಿ ಅದನ್ನೇ ಕೇಳುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ಹಕ್ಕಿಯ ಫೋಟೊ ತೆಗೆಯಬೇಡಿ ಎಂದು ಯಾರೂ ಹೇಳುತ್ತಿಲ್ಲ. ದೂರದಿಂದ ತೆಗೆಯಿರಿ. ಗೂಡಿನ ಸುತ್ತಲಿನ ಹುಲ್ಲು ಕೀಳಬೇಡಿ, ಗುರುತು ಹಾಕಬೇಡಿ, ಗೂಡಿರುವ ಜಾಗವನ್ನು ಊರಿಗೆಲ್ಲ ಸಾರಬೇಡಿ. ಹಕ್ಕಿ ಕಿರುಚಿದರೆ ಕ್ಯಾಮೆರಾ ಇಳಿಸಿ ಹಿಂದೆ ಬನ್ನಿ. ಶಂಕ್ರೆಪ್ಪನಿಗೆ ಉತ್ತರ ಸಿಗದ ಆ ಪ್ರಶ್ನೆ ನಿಮ್ಮ ಪಾಲಿಗೂ ಬರುವುದು ಬೇಡ.